ಸ್ಯಾಂಪಲ್ ಒಂದು ಕಳಿಸಿ, ಮತ್ತೆ ನೋಡುವ

ಎಸ್ಸೆಸ್ಸೆಲ್ಸಿ ರಿಸಲ್ಟ್ ಬರುವ ಹೊತ್ತಿಗೆ ಮಂಗಳೂರು, ಮೂಡುಬಿದಿರೆ, ಉಡುಪಿ ಕಡೆ ಕನ್ನಡದಲ್ಲಿ ಬರೆದು ಬದುಕುವವರ ಫೋನಿಗೆ ಪುರುಸೊತ್ತು ಇರುವುದಿಲ್ಲ. ಪಿಯು ಕಾಲೇಜಿಗೆ ಬ್ರೋಷರ್ ಬೇಕು, ರೀಲ್ಸ್‌ಗೆ ಸ್ಕ್ರಿಪ್ಟ್ ಬೇಕು, ಪೇಪರಿನ ಜಾಹೀರಾತಿಗೆ ನಾಲ್ಕು ಸಾಲು ಬೇಕು. ಮಳೆ ಬಿಟ್ಟ ಮೇಲೆ ಹೋಂಸ್ಟೇಯವರು. ದೀಪಾವಳಿ ಹತ್ತಿರ ಬಂದರೆ ಚಿನ್ನದ ಅಂಗಡಿ, ಜವಳಿ ಅಂಗಡಿ. ಫ್ಲ್ಯಾಟ್ ಕಟ್ಟುವವರಿಗೆ, ಆಸ್ಪತ್ರೆಯವರಿಗೆ ವರ್ಷವಿಡೀ. ಅಂದರೆ ಕೆಲಸ ಉಂಟು, ಇಲ್ಲ ಅಂತಲ್ಲ. ಆದರೆ ಮಾತು ಶುರುವಾಗುವುದು ಹೆಚ್ಚಾಗಿ ಒಂದೇ ವಾಕ್ಯದಿಂದ: "ಸ್ಯಾಂಪಲ್ ಒಂದು ಕಳಿಸಿ ಆಯ್ತಾ, ಮತ್ತೆ ನೋಡುವ."

ಈ ಮಾತಿನಲ್ಲಿ ಎರಡು ಬೇರೆ ಬೇರೆ ಬೇಡಿಕೆ ಸೇರಿಕೊಂಡಿರುತ್ತವೆ. ನೀವು ಹಿಂದೆ ಬರೆದದ್ದನ್ನು ತೋರಿಸಿ ಅನ್ನುವುದು ಒಂದು. ಅದರಲ್ಲಿ ಯಾರಿಗೂ ತಕರಾರಿಲ್ಲ, ನಾಲ್ಕು ಲಿಂಕ್ ಕಳಿಸಿದರೆ ಮುಗಿಯಿತು. ನಮ್ಮ ವಿಷಯದ ಮೇಲೆ, ನಮಗಾಗಿಯೇ, ಹೊಸದಾಗಿ ಒಂದು ಬರೆದು ಕಳಿಸಿ, ಇಷ್ಟವಾದರೆ ಕೆಲಸ ಕೊಡುತ್ತೇವೆ ಅನ್ನುವುದು ಇನ್ನೊಂದು. ಇಲ್ಲಿ ಹೇಳಹೊರಟಿರುವುದು ಈ ಎರಡನೆಯದರ ಬಗ್ಗೆ.

ಇದನ್ನು ಹೆಚ್ಚಿನವರು ಬರೆಯುವವರ ಮರ್ಯಾದೆಯ ಪ್ರಶ್ನೆ ಮಾಡಿಬಿಡುತ್ತಾರೆ. "ನನ್ನ ಯೋಗ್ಯತೆ ಪರೀಕ್ಷೆ ಮಾಡ್ತಾರಾ" ಅಂತ ಸಿಟ್ಟು. ನನಗೆ ಅದರಲ್ಲಿ ದೊಡ್ಡ ಸಂಗತಿ ಕಾಣುವುದಿಲ್ಲ. ಪರೀಕ್ಷೆ ಮಾಡಲಿ, ದುಡ್ಡು ಕೊಡುವವರು ಪರೀಕ್ಷೆ ಮಾಡಲೇಬೇಕು. ಆದರೆ ಬಿಟ್ಟಿ ಸ್ಯಾಂಪಲ್‌ನಿಂದ ನಿಜವಾಗಿ ಪರೀಕ್ಷೆ ನಡೆಯುತ್ತದಾ? ನಾನು ಕಂಡಂತೆ ಹೆಚ್ಚಿನ ಕಡೆ ಅದು ನಡೆಯುವುದಿಲ್ಲ. ಅಲ್ಲಿ ನಡೆಯುವುದು ಬೇರೆ ವ್ಯವಹಾರ. ತನಗೆ ಏನು ಬೇಕು ಅಂತ ಗಿರಾಕಿ ಇನ್ನೂ ತೀರ್ಮಾನಿಸಿಲ್ಲ. ಆ ತೀರ್ಮಾನಕ್ಕೆ ತಗಲುವ ಖರ್ಚನ್ನು ಬರೆಯುವವರ ಮೇಲೆ ಹಾಕುತ್ತಾನೆ, ಅಷ್ಟೇ.

ಒಂದು ಮೆಸೇಜ್ ಬಿಡಿಸಿ ನೋಡೋಣ. ವಾಟ್ಸಾಪ್‌ನಲ್ಲಿ ಬರುವುದು ಸುಮಾರಾಗಿ ಹೀಗೆ: "ನಮ್ಮ ಕಾಲೇಜಿನ ಬಗ್ಗೆ 800 ಪದದ ಒಂದು ಆರ್ಟಿಕಲ್, ಎರಡು ಇನ್‌ಸ್ಟಾ ಕ್ಯಾಪ್ಷನ್, ಒಂದು ಟ್ಯಾಗ್‌ಲೈನ್. ಸೋಮವಾರದ ಒಳಗೆ. ಚೇರ್ಮನ್ ಸರ್‌ಗೆ ತೋರಿಸಿ ಹೇಳ್ತೇನೆ." ಓದಿದರೆ ಒಂದು ಮಧ್ಯಾಹ್ನದ ಕೆಲಸ ಅನ್ನಿಸುತ್ತದೆ. ಕೂತು ಶುರು ಮಾಡಿದಾಗ ಗೊತ್ತಾಗುತ್ತದೆ. ಕಾಲೇಜಿನ ವೆಬ್‌ಸೈಟ್‌ನಲ್ಲಿ ಇರುವ ಕಾಂಬಿನೇಷನ್ ಪಟ್ಟಿ ಹಳೆಯದು. ಆಫೀಸಿಗೆ ಫೋನ್ ಮಾಡಿದರೆ "ಅದು ಪ್ರಿನ್ಸಿಪಾಲರನ್ನೇ ಕೇಳಬೇಕು". ಹಾಸ್ಟೆಲ್ ಫೀಸ್ ಹಾಕಬೇಕಾ ಬೇಡವಾ, ನೀಟ್ ಕೋಚಿಂಗ್ ಒಳಗೇ ಸೇರಿದೆಯಾ ಬೇರೆಯಾ, ಯಾರಿಗೂ ಖಚಿತ ಇಲ್ಲ. ಇದನ್ನೆಲ್ಲ ಓದುವವರು ಯಾರು ಅನ್ನುವುದು ಇನ್ನೊಂದು ತಲೆನೋವು. ಮಗನನ್ನು ಹಾಸ್ಟೆಲ್‌ಗೆ ಬಿಡಲು ಹಾವೇರಿಯಿಂದ ಬರುವ ಅಪ್ಪನಿಗೆ ಬರೆಯುವ ಮಾತೇ ಬೇರೆ, ದುಬೈಯಲ್ಲಿ ಕೂತು ಮಗಳಿಗೆ ಸೀಟು ಹುಡುಕುವ ಅಮ್ಮನಿಗೆ ಬರೆಯುವ ಮಾತೇ ಬೇರೆ. ಇಬ್ಬರಿಗೂ ಒಂದೇ ಲೇಖನ ಆಗುವುದಿಲ್ಲ. ಇದೆಲ್ಲ ಮುಗಿದ ಮೇಲೆ ಟೈಪ್ ಮಾಡುವ ಕೆಲಸ. ಅದೇ ಎಲ್ಲಕ್ಕಿಂತ ಕಡಿಮೆ ಹೊತ್ತಿನದ್ದು.

ಕಳಿಸಿದ ಮೇಲೆ ಉತ್ತರ ಬರುತ್ತದೆ. "ಚೆನ್ನಾಗಿದೆ ಮೇಡಂ, ಆದ್ರೆ ನಮ್ಗೆ ಸ್ವಲ್ಪ ಬೇರೆ ಥರ ಬೇಕಿತ್ತು." ಯಾವ ಥರ? "ಅದೇ, ಸ್ವಲ್ಪ ಕ್ಯಾಚಿ." ಈ ಮಾತು ಕೇಳಿದಾಗ ಗಮನಿಸಬೇಕಾದ್ದು ಒಂದಿದೆ. ಬರೆದದ್ದು ಸರಿ ಇಲ್ಲ ಅಂತ ಯಾರೂ ಹೇಳಿಲ್ಲ. ಬರೆದದ್ದನ್ನು ನೋಡಿದ ಮೇಲೆ ತಮಗೆ ಏನು ಬೇಡ ಅಂತ ಅವರಿಗೆ ಮೊದಲ ಸಲ ಗೊತ್ತಾಗಿದೆ. ಇನ್ನೊಬ್ಬರ ಸ್ಯಾಂಪಲ್ ನೋಡಿದಾಗ ಇನ್ನಷ್ಟು ಗೊತ್ತಾಗುತ್ತದೆ. ಮೂರ್ನಾಲ್ಕು ಜನರದ್ದು ಬಂದ ಮೇಲೆ ಏನು ಬೇಕು ಅನ್ನುವುದೂ ಸ್ಪಷ್ಟವಾಗುತ್ತದೆ. ಇದೂ ದುಡ್ಡು ಕೊಡಬೇಕಾದ ಕೆಲಸವೇ. ಇಲ್ಲಿ ಅದು ಪುಕ್ಕಟೆ ಆಗಿಹೋಗುತ್ತದೆ.

"ಎಲ್ಲದಕ್ಕೂ ಸ್ಯಾಂಪಲ್ ಇರ್ತದಲ್ಲ ಮಾರಾಯ್ರೆ, ಮದುವೆ ಊಟಕ್ಕೂ ರುಚಿ ನೋಡ್ತೇವೆ" ಅಂತ ಒಬ್ಬರು ನನಗೆ ಹೇಳಿದ್ದರು. ಮಾತು ಹೌದು. ಕೇಟರಿಂಗ್‌ನವರು ಒಂದು ಲೋಟ ಪಾಯಸ ಕೊಡುತ್ತಾರೆ, ಕುಡಿದು ಹೇಳಿ ಅನ್ನುತ್ತಾರೆ. ಆದರೆ ಆ ಒಂದು ಲೋಟದಲ್ಲಿ ಸಾವಿರ ಜನರ ಊಟ ಮುಗಿಯುವುದಿಲ್ಲ. ನಮ್ಮ 800 ಪದದಲ್ಲಿ ಮುಗಿಯುತ್ತದೆ. ಕಾಲೇಜಿಗೆ ಬೇಕಾಗಿದ್ದೇ ಆ ಒಂದು ಲೇಖನ. ಟ್ಯಾಗ್‌ಲೈನ್ ಕತೆ ಇನ್ನೂ ಕಷ್ಟ, ಅದರಲ್ಲಿ ಇರುವುದೇ ನಾಲ್ಕು ಪದ, ಸ್ಯಾಂಪಲ್ ಕೊಟ್ಟರೆ ಪೂರ್ತಿ ಸರಕನ್ನೇ ಕೊಟ್ಟಂತೆ.

ಈಗ ಸ್ವಲ್ಪ ಲೆಕ್ಕ. ಪದಕ್ಕೆ 1 ರೂಪಾಯಿ ಅಂತಿಟ್ಟುಕೊಳ್ಳಿ, ಉದಾಹರಣೆಗೆ ಮಾತ್ರ. 800 ಪದಕ್ಕೆ 800 ರೂಪಾಯಿ. ಓದಿ, ಫೋನ್ ಮಾಡಿ, ಬರೆದು, ತಿದ್ದಲು 4 ಗಂಟೆ. ಗಂಟೆಗೆ 200 ಸಿಕ್ಕಿದ ಹಾಗಾಯಿತು. ನಾಲ್ಕು ಕಡೆ ಬಿಟ್ಟಿ ಸ್ಯಾಂಪಲ್ ಕೊಟ್ಟರೆ ಒಂದು ಕಡೆ ಕೆಲಸ ಸಿಗುತ್ತದೆ, ಆ ಗಿರಾಕಿ 5 ಲೇಖನ ಬರೆಸುತ್ತಾನೆ ಅಂದುಕೊಳ್ಳಿ. ಕೈಗೆ ಬರುವುದು 4,000. ದುಡಿದದ್ದು ಲೇಖನಕ್ಕೆ 20 ಗಂಟೆ, ಸ್ಯಾಂಪಲ್‌ಗೆ 16 ಗಂಟೆ. ಭಾಗಿಸಿದರೆ ಗಂಟೆಗೆ 111 ರೂಪಾಯಿ. ಕರೆಂಟು, ಇಂಟರ್‌ನೆಟ್ಟು, ದುಡ್ಡು ಬರಲು ಕಾಯುವ ದಿನಗಳು, ಇದ್ಯಾವುದೂ ಇನ್ನೂ ಲೆಕ್ಕಕ್ಕೆ ಬಂದಿಲ್ಲ. ಆ ಕಡೆಯಿಂದಲೂ ನೋಡಿ: ಒಬ್ಬ ಗಿರಾಕಿ ಐದು ಜನಕ್ಕೆ ಐದು ಬೇರೆ ಬೇರೆ ವಿಷಯ ಕೊಟ್ಟರೆ ಅವನ ಬಳಿ 4,000 ಪದ ಸೇರಿತು. ಸಣ್ಣ ಸಂಸ್ಥೆಯ ವೆಬ್‌ಸೈಟ್‌ಗೆ ಒಂದು ತಿಂಗಳಿಗೆ ಸಾಕು. ಹೀಗೆ ಬೇಕಂತಲೇ ಮಾಡುವವರು ಕಡಿಮೆ ಅಂತ ನಾನು ನಂಬುತ್ತೇನೆ. ಆದರೆ ಐದೂ ವಿಷಯ ಬೇರೆ ಬೇರೆ ಇದ್ದರೆ ಮಾತ್ರ ನನಗೂ ಅನುಮಾನ ಬರುತ್ತದೆ. ನಿಜವಾಗಿ ಹೋಲಿಸಿ ನೋಡಬೇಕು ಅನ್ನುವವನು ಎಲ್ಲರಿಗೂ ಒಂದೇ ವಿಷಯ ಕೊಡುತ್ತಾನೆ, ಅಲ್ವಾ?

ಅನುವಾದದವರಿಗೆ ಇದು ಹಳೆಯ ಸಂಕಟ. ಅಲ್ಲಿ ಇನ್ನೂರು ಮುನ್ನೂರು ಪದದ ಟೆಸ್ಟ್ ಕೊಡುವುದು ಮಾಮೂಲಿ, ಅದಕ್ಕೆ ಯಾರೂ ಬೇಡ ಅನ್ನುವುದಿಲ್ಲ. ಆದರೆ ಒಂದು ದೊಡ್ಡ ದಾಖಲೆಯನ್ನೇ ತುಂಡು ತುಂಡು ಮಾಡಿ ಹತ್ತಾರು ಜನಕ್ಕೆ ಟೆಸ್ಟ್ ಅಂತ ಹಂಚಿ, ಕೊನೆಗೆ ಜೋಡಿಸಿಕೊಳ್ಳುತ್ತಾರೆ ಅನ್ನುವ ದೂರು ಅವರ ನಡುವೆ ಇದ್ದೇ ಇದೆ. ಟೆಸ್ಟ್‌ನ ಪಠ್ಯ ಅರ್ಧ ವಾಕ್ಯದಲ್ಲಿ ಶುರುವಾಗಿ ಅರ್ಧ ವಾಕ್ಯದಲ್ಲಿ ನಿಂತರೆ ಸ್ವಲ್ಪ ಜಾಗ್ರತೆ.

ಕರಾವಳಿಯಲ್ಲಿ ಇದಕ್ಕೆ ಇನ್ನೊಂದು ಪದರ ಇದೆ. ತುಳು ಮತ್ತು ಕೊಂಕಣಿ. ಬೆಂಗಳೂರಿನ, ಮುಂಬೈಯ ಕಂಪನಿಗಳು ತುಳುವಿನಲ್ಲಿ ಜಾಹೀರಾತು ಬೇಕು ಅಂತ ಕೇಳುತ್ತವೆ, ಜೊತೆಗೆ ಸ್ಯಾಂಪಲ್ ಕಳಿಸಿ ಅಂತಲೂ ಕೇಳುತ್ತವೆ. ಓದಿ ನೋಡುವವರು ಯಾರು? ಆ ಆಫೀಸಿನಲ್ಲಿ ತುಳು ಬಲ್ಲವರು ಒಬ್ಬರೂ ಇರುವುದಿಲ್ಲ. ಯಾರದ್ದೋ ಗೆಳೆಯನ ಗೆಳೆಯ ಸುರತ್ಕಲ್‌ನವನು, ಅವನಿಗೆ ಫಾರ್ವರ್ಡ್ ಮಾಡುತ್ತಾರೆ. ಅವನು ಬಸ್ಸಲ್ಲಿ ನಿಂತು ಓದಿ "ಓಕೆ ಉಂಟು" ಅನ್ನುತ್ತಾನೆ, ಇಲ್ಲ "ನಮ್ಮ ಕಡೆ ಹೀಗೆ ಹೇಳುವುದಿಲ್ಲ" ಅನ್ನುತ್ತಾನೆ. ಕುಂದಾಪುರದ ಕಡೆಯವನಾದರೆ ಅವನ ಮನೆಮಾತು ತುಳುವೇ ಅಲ್ಲದಿರಬಹುದು, ಅದು ಬೇರೆ ವಿಷಯ. ಗೂಗಲ್ ಟ್ರಾನ್ಸ್‌ಲೇಟ್‌ಗೆ 2022ರಲ್ಲಿ ಕೊಂಕಣಿ, 2024ರಲ್ಲಿ ತುಳು ಸೇರಿದ ಮೇಲೆ ಇನ್ನೊಂದು ಶುರುವಾಗಿದೆ. ಸ್ಯಾಂಪಲನ್ನು ಅದಕ್ಕೆ ಹಾಕಿ, ಇಂಗ್ಲಿಷಿಗೆ ತಿರುಗಿಸಿ, "ಇದು ನಾವು ಹೇಳಿದ ಅರ್ಥ ಅಲ್ಲ" ಅಂತ ವಾಪಸ್ ಕಳಿಸುವುದು. ತೂಗಲು ತಕ್ಕಡಿಯೇ ಇಲ್ಲದವರು ಸರಕು ಕೇಳಿದ ಹಾಗೆ.

ಸರಪಳಿಯ ಕೊನೆಯ ಕೊಂಡಿ

ಸ್ಯಾಂಪಲ್ ಕೇಳುವವರೆಲ್ಲ ಜಿಪುಣರು ಅಂತ ತಿಳಿದರೆ ವಿಷಯ ಅರ್ಥವಾಗುವುದಿಲ್ಲ. ನಮ್ಮಂಥವರ ಜೊತೆ ಮಾತಾಡುವುದು ಎಷ್ಟೋ ಸಲ ಆಸ್ಪತ್ರೆಯೋ ಬಿಲ್ಡರೋ ಅಲ್ಲ, ನಡುವೆ ಇರುವ ಡಿಜಿಟಲ್ ಮಾರ್ಕೆಟಿಂಗ್ ಏಜೆನ್ಸಿ. ಬಲ್ಮಠ, ಬಿಜೈ, ಮಣಿಪಾಲ ಕಡೆ ಮೂರು ನಾಲ್ಕು ಜನ ಸೇರಿ ನಡೆಸುವ ಸಣ್ಣ ಆಫೀಸು. ಆ ಏಜೆನ್ಸಿಯವರಿಗೂ ದೊಡ್ಡ ಗಿರಾಕಿ ಹೇಳಿರುತ್ತಾನೆ: ನೀವೂ ಸೇರಿ ನಾಲ್ಕು ಏಜೆನ್ಸಿಯವರನ್ನು ಕರೆದಿದ್ದೇವೆ, ಒಂದು ಪ್ರೆಸೆಂಟೇಷನ್ ಮಾಡಿ ತನ್ನಿ, ಚೆನ್ನಾಗಿದ್ದರೆ ನೋಡೋಣ. ಅವರಿಗೂ ಆ ಪಿಚ್‌ಗೆ ದುಡ್ಡಿಲ್ಲ. ಹಾಗಾಗಿ ಅವರು ಡಿಸೈನರ್ ಹತ್ತಿರ ಬಿಟ್ಟಿ ಲೋಗೋ, ಬರೆಯುವವರ ಹತ್ತಿರ ಬಿಟ್ಟಿ ಸ್ಕ್ರಿಪ್ಟ್ ಕೇಳುತ್ತಾರೆ. ಮೇಲಿನವನ ರಿಸ್ಕ್ ಕೆಳಗೆ ಕೆಳಗೆ ಇಳಿದು ಬರುತ್ತದೆ. ಕೊನೆಯಲ್ಲಿ ಒಬ್ಬರು ಇರುತ್ತಾರೆ, ಅವರಿಗೆ ಇಳಿಸಲು ಯಾರೂ ಇಲ್ಲ. ಪಿಚ್ ಗೆದ್ದರೂ ಆ ಸ್ಕ್ರಿಪ್ಟ್ ಬರೆದವರಿಗೇ ಕೆಲಸ ಬರುತ್ತದೆ ಅನ್ನುವ ಗ್ಯಾರಂಟಿ ಇಲ್ಲ. ಗೆದ್ದ ಮೇಲೆ ಆಫೀಸಿನಲ್ಲೇ ಒಬ್ಬ ಇಂಟರ್ನ್‌ನ್ನು ಕೂರಿಸುವುದು ಅಗ್ಗ.

ಇಂಟರ್ನ್‌ಗಳಿಗೆ ಈ ಊರಿನಲ್ಲಿ ಬರವೂ ಇಲ್ಲ. ಮಂಗಳಗಂಗೋತ್ರಿ, ಮಣಿಪಾಲ, ಉಜಿರೆ, ಮೂಡುಬಿದಿರೆ, ಮಂಗಳೂರು ನಗರದ ಕಾಲೇಜುಗಳು, ಎಲ್ಲ ಕಡೆ ಪತ್ರಿಕೋದ್ಯಮ ಓದುವ ಮಕ್ಕಳಿದ್ದಾರೆ. ಅವರಿಗೆ ತೋರಿಸಲು ಹಳೆಯ ಕೆಲಸ ಇರುವುದಿಲ್ಲ, ಹಾಗಾಗಿ ಬಿಟ್ಟಿ ಬರೆಯಲು ತಯಾರು. ಅವರನ್ನು ದೂರುವುದು ತಪ್ಪು. ಆದರೆ ಇದರಿಂದ ಗಿರಾಕಿಗೆ ಆಗುವ ನಷ್ಟ ಅವನಿಗೇ ಗೊತ್ತಾಗುವುದಿಲ್ಲ. ಬಿಟ್ಟಿ ಸ್ಯಾಂಪಲ್ ಕೊಡಲು ಸಾಧ್ಯವಾಗುವುದು ಮನೆಯಲ್ಲಿ ಊಟ, ವಸತಿ ಇರುವವರಿಗೆ, ಇಲ್ಲ ಬೇರೆ ಕೆಲಸ ಕೈಯಲ್ಲಿ ಇಲ್ಲದವರಿಗೆ. ಬಾಡಿಗೆ ಕಟ್ಟುವವರು, ಕೈತುಂಬ ಕೆಲಸ ಇರುವವರು ಆ ಮೆಸೇಜ್ ನೋಡಿ ಸುಮ್ನೆ ಪಕ್ಕಕ್ಕಿಡುತ್ತಾರೆ. ಅಂದರೆ ಈ ಜರಡಿಯಲ್ಲಿ ಉಳಿಯುವವರು ಬಿಡುವಿದ್ದವರು. ಚೆನ್ನಾಗಿ ಬರೆಯುವವರೂ ಅವರಲ್ಲಿ ಇರಬಹುದು, ಇದ್ದರೆ ಅದು ಅದೃಷ್ಟ.

ಇನ್ನು ನಮ್ಮ ಊರಿನ ಅಭ್ಯಾಸ. ದೇವಸ್ಥಾನದ ಬ್ರಹ್ಮಕಲಶ, ಶಾಲೆಯ ಶತಮಾನೋತ್ಸವ, ಯುವಕ ಮಂಡಲದ ಬೆಳ್ಳಿಹಬ್ಬ, ಯಾವುದಾದರೂ ಇರಲಿ, ಒಂದು ಸ್ಮರಣ ಸಂಚಿಕೆ ಬರಲೇಬೇಕು. ಸಮಿತಿಯವರು ಮನೆಗೆ ಬಂದು, ಚಾ ಕುಡಿದು, "ನಿಮ್ಮದೊಂದು ಲೇಖನ ಇಲ್ಲದೆ ಆಗ್ಲಿಕ್ಕಿಲ್ಲ" ಅನ್ನುತ್ತಾರೆ. ಆ ಸಂಚಿಕೆಯಲ್ಲಿ ಜಾಹೀರಾತಿಗೆ ಫುಲ್ ಪೇಜ್, ಹಾಫ್ ಪೇಜ್ ಅಂತ ರೇಟಿದೆ. ಡಿಟಿಪಿ ಮಾಡಿದವರಿಗೆ ಪುಟಕ್ಕಿಷ್ಟು ಅಂತ ಇದೆ. ಪ್ರೆಸ್‌ನವರ ಬಿಲ್ಲನ್ನು ಯಾರೂ ಚೌಕಾಸಿ ಮಾಡಿ ಸೊನ್ನೆಗೆ ಇಳಿಸುವುದಿಲ್ಲ. 1843ರಲ್ಲಿ ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ' ಹೊರಟ ಊರು ಇದು, ಅಚ್ಚಿಗೆ ಖರ್ಚಾಗುತ್ತದೆ ಅನ್ನುವುದು ಇಲ್ಲಿ ತಲೆಮಾರುಗಳಿಂದ ಎಲ್ಲರಿಗೂ ಗೊತ್ತು. ಬರೆದವರಿಗೆ ಮಾತ್ರ ಒಂದು ಶಾಲು, ಎರಡು ಪ್ರತಿ. ನಾನು ಇದನ್ನು ಖುಷಿಯಿಂದಲೇ ಬರೆದುಕೊಡುತ್ತೇನೆ. ಅದು ಸೇವೆ, ಕೊಡುವವರಿಗೂ ಗೊತ್ತು, ತೆಗೆದುಕೊಳ್ಳುವವರಿಗೂ ಗೊತ್ತು, ಮುಂದೆ ಕೆಲಸ ಕೊಡುತ್ತೇವೆ ಅಂತ ಯಾರೂ ಆಸೆ ತೋರಿಸುವುದಿಲ್ಲ. ತೊಂದರೆ ಆಗುವುದು ಆ ಲೆಕ್ಕವನ್ನೇ ವ್ಯಾಪಾರಕ್ಕೆ ತಂದಾಗ. ಬಿಲ್ಡರ್ ಒಬ್ಬರು ಫ್ಲ್ಯಾಟ್ ಮಾರುವ ಬ್ರೋಷರ್‌ಗೂ ದೇವಸ್ಥಾನದ ಸಂಚಿಕೆಯ ಧಾಟಿಯಲ್ಲೇ ಕೇಳುತ್ತಾರೆ. "ನಮ್ಮವರೇ ಅಲ್ವಾ ನೀವು" ಅನ್ನುತ್ತಾರೆ. ಇಲ್ಲ ಅನ್ನಲು ನಾಲಿಗೆ ಏಳುವುದಿಲ್ಲ, ಯಾಕೆಂದರೆ ಮುಂದಿನ ವಾರ ಯಾವುದೋ ಮದುವೆ ಹಾಲ್‌ನಲ್ಲಿ ಇದೇ ಮುಖ ಎದುರಿಗೆ ಸಿಗುತ್ತದೆ.

ಎಐ ಬಂದ ಮೇಲೆ ಇದು ಸಡಿಲ ಆಗಬಹುದು ಅಂತ ಕೆಲವರು ಅಂದುಕೊಂಡಿದ್ದರು. ಆಗಲಿಲ್ಲ. 2022ರ ನವೆಂಬರ್‌ನಲ್ಲಿ ಚಾಟ್‌ಜಿಪಿಟಿ ಬಂದ ನಂತರ ಗಿರಾಕಿಗಳ ಬಾಯಲ್ಲಿ ಎರಡು ಮಾತು ಒಟ್ಟಿಗೇ ಕೇಳುತ್ತದೆ. "ಇದೆಲ್ಲ ಎಐಯಲ್ಲಿ ಎರಡು ನಿಮಿಷಕ್ಕೆ ಬರ್ತದೆ, ಅದಕ್ಕೆ ಎಂತ ಇಷ್ಟು ರೇಟು?" ಅನ್ನುವುದು ಒಂದು. "ನೀವು ಎಐಯಲ್ಲಿ ಬರೆಸಿಲ್ಲ ಅಂತ ನಮ್ಗೆ ಗೊತ್ತಾಗ್ಬೇಕು, ಅದಕ್ಕೆ ಸ್ಯಾಂಪಲ್ ಬೇಕು" ಅನ್ನುವುದು ಇನ್ನೊಂದು. ಮನೆಯಲ್ಲಿ ಕೂತು ಬರೆದು ಮೂರು ದಿನ ಬಿಟ್ಟು ಕಳಿಸಿದ ಸ್ಯಾಂಪಲ್‌ನಿಂದ ಎಐಯೋ ಮನುಷ್ಯರೋ ಅನ್ನುವುದು ಗೊತ್ತಾಗುವುದಿಲ್ಲ. ಅದು ಗೊತ್ತಾಗಬೇಕಿದ್ದರೆ ಎದುರು ಕೂರಿಸಿ, ಒಂದು ಹಳೆಯ ಪ್ಯಾರಾ ಕೊಟ್ಟು, ಇದರಲ್ಲಿ ಏನು ಸರಿ ಇಲ್ಲ ಅಂತ ಕೇಳಬೇಕು. ಕಾಲು ಗಂಟೆ ಸಾಕು. ಬರೆಯುವವರ ಕೈ ಅಲ್ಲೇ ತಿಳಿಯುತ್ತದೆ. ಇನ್ನೊಂದು ಕಡೆಯಿಂದ ಎಐ ನಮಗೆ ಹೊಸ ಅಪಾಯವನ್ನೂ ತಂದಿದೆ. ಮೊದಲು ಸ್ಯಾಂಪಲ್ ಕದ್ದರೆ ಪದಕ್ಕೆ ಪದ ಸಿಕ್ಕಿಬೀಳುತ್ತಿತ್ತು. ಈಗ ಐದು ಜನರ ಸ್ಯಾಂಪಲ್ ಹಾಕಿ ಒಂದು ಮಾಡಿ ಕೊಡು ಅಂದರೆ ಅದು ಮಾಡಿಕೊಡುತ್ತದೆ. ಯಾರ ವಾಕ್ಯ ಎಲ್ಲಿ ಹೋಯಿತು ಅಂತ ತೋರಿಸುವುದು ಹೇಗೆ?

ಕಾನೂನಿನಲ್ಲಿ ಏನಿದೆ

ಇದ್ದದ್ದರಲ್ಲಿ ಗಟ್ಟಿ ನೆಲ ಅಂದರೆ 1957ರ ಕಾಪಿರೈಟ್ ಕಾಯ್ದೆ. ಅದರ 17ನೇ ಸೆಕ್ಷನ್ ಪ್ರಕಾರ ಬರೆದವರೇ ಕೃತಿಯ ಮೊದಲ ಮಾಲೀಕರು. ನೌಕರಿಯಲ್ಲಿದ್ದುಕೊಂಡು, ಆ ನೌಕರಿಯ ಭಾಗವಾಗಿ ಬರೆದರೆ ಸಂಸ್ಥೆಗೆ ಹೋಗುತ್ತದೆ. ಸ್ಯಾಂಪಲ್ ಬರೆಯುವವರು ಯಾರ ನೌಕರರೂ ಅಲ್ಲ. ಹಕ್ಕನ್ನು ಇನ್ನೊಬ್ಬರಿಗೆ ವಹಿಸಬೇಕಾದರೆ ಬರಹದಲ್ಲಿ ಇರಬೇಕು, ಬರೆದವರ ಸಹಿ ಇರಬೇಕು ಅನ್ನುತ್ತದೆ 19ನೇ ಸೆಕ್ಷನ್. ಎಷ್ಟು ವರ್ಷಕ್ಕೆ ಅಂತ ಬರೆಯದಿದ್ದರೆ 5 ವರ್ಷಕ್ಕೆ ಮಾತ್ರ. ನೋಂದಣಿ ಮಾಡಿಸಿರಬೇಕು ಅಂತ ಇಲ್ಲ. ಹಾಗಾಗಿ "ಸ್ಯಾಂಪಲ್ ಕಳಿಸಿದ ಮೇಲೆ ಅದು ನಮ್ಮದು" ಅಂತ ಯಾರಾದರೂ ಬಾಯಿಮಾತಲ್ಲಿ ಹೇಳಿದರೆ ಅದಕ್ಕೆ ಬೆಲೆ ಇಲ್ಲ.

ಆದರೆ ಇದರಲ್ಲಿ ದೊಡ್ಡ ತೂತು ಒಂದಿದೆ. ಕಾಪಿರೈಟ್ ರಕ್ಷಿಸುವುದು ಬರೆದ ರೂಪವನ್ನು, ಐಡಿಯಾವನ್ನಲ್ಲ. ಹಾವೇರಿಯ ಅಪ್ಪನ ಕಣ್ಣಿನಿಂದ ಜಾಹೀರಾತು ಮಾಡಿ ಅನ್ನುವ ಐಡಿಯಾ ನಿಮ್ಮದಾದರೂ ಅದನ್ನು ಬೇರೆ ಮಾತಿನಲ್ಲಿ ಮಾಡಿದರೆ ಏನೂ ಮಾಡಲಾಗುವುದಿಲ್ಲ. ನಾಲ್ಕು ಪದದ ಟ್ಯಾಗ್‌ಲೈನ್‌ಗೂ ಸಾಮಾನ್ಯವಾಗಿ ರಕ್ಷಣೆ ಸಿಗುವುದು ಕಷ್ಟ. ಒಂದು ಸಿನಿಮಾದ ಹೆಸರಿನ ವಿವಾದದಲ್ಲಿ 2015ರಲ್ಲಿ ಸುಪ್ರೀಂ ಕೋರ್ಟ್ ಶೀರ್ಷಿಕೆಗೆ ಮಾತ್ರವೇ ಕಾಪಿರೈಟ್ ಇಲ್ಲ ಅಂದಿತು. ಅಂದರೆ ಸ್ಯಾಂಪಲ್‌ನಲ್ಲಿ ಯಾವುದು ಹೆಚ್ಚು ಬೆಲೆಯದ್ದೋ ಅದಕ್ಕೇ ಕಾನೂನಿನ ಬೇಲಿ ತೆಳು. ನನ್ನ ಪ್ರಕಾರ ಲೇಖನದ ಸ್ಯಾಂಪಲ್ ಬೇಕಾದರೆ ಕೊಡಬಹುದು, ಹೆಸರು, ಟ್ಯಾಗ್‌ಲೈನ್, ಕ್ಯಾಂಪೇನ್ ಐಡಿಯಾ ಮಾತ್ರ ದುಡ್ಡಿಲ್ಲದೆ ಬಾಯಿ ಬಿಡಬಾರದು.

1872ರ ಕರಾರು ಕಾಯ್ದೆಯಲ್ಲಿ 70ನೇ ಸೆಕ್ಷನ್ ಅಂತ ಒಂದಿದೆ, ಅದು ಬಹಳ ಜನಕ್ಕೆ ಗೊತ್ತಿಲ್ಲ. ಬಿಟ್ಟಿಯಾಗಿ ಮಾಡುವ ಉದ್ದೇಶ ಇಲ್ಲದೆ ಒಬ್ಬರು ಇನ್ನೊಬ್ಬರಿಗೆ ನ್ಯಾಯವಾಗಿ ಏನಾದರೂ ಮಾಡಿಕೊಟ್ಟು, ಆ ಇನ್ನೊಬ್ಬರು ಅದರ ಲಾಭ ಪಡೆದರೆ, ಪರಿಹಾರ ಕೊಡಬೇಕು ಅನ್ನುವುದು ಅದರ ಸಾರ. ಕರಾರು ಪತ್ರ ಇರಬೇಕು ಅಂತಿಲ್ಲ. ಆದರೆ ಕೀಲಿ ಇರುವುದು 'ಬಿಟ್ಟಿಯಾಗಿ ಮಾಡುವ ಉದ್ದೇಶ ಇಲ್ಲದೆ' ಅನ್ನುವಲ್ಲಿ. "ಓಕೆ ಸರ್, ಫ್ರೀ ಸ್ಯಾಂಪಲ್ ಕಳಿಸ್ತೇನೆ" ಅಂತ ವಾಟ್ಸಾಪ್‌ನಲ್ಲಿ ಬರೆದರೆ ಆ ದಾರಿಯನ್ನು ನಾವೇ ಮುಚ್ಚಿದ ಹಾಗೆ. ಅದರ ಬದಲು ಒಂದು ಸಾಲು ಸೇರಿಸಿದರೆ ಕತೆ ಬದಲಾಗುತ್ತದೆ: "ಇದು ನೀವು ನೋಡಿ ತೀರ್ಮಾನಿಸಲು ಮಾತ್ರ. ಪೂರ್ತಿಯಾಗಿ ಅಥವಾ ಭಾಗಶಃ ಬಳಸಿದರೆ ಇಷ್ಟು ರೂಪಾಯಿ ಬಿಲ್ ಕಳಿಸುತ್ತೇನೆ." ಕೋರ್ಟಿಗೆ ಹೋಗುತ್ತೇವಾ, 2,000 ರೂಪಾಯಿಗೆ ಯಾರೂ ಹೋಗುವುದಿಲ್ಲ. ಆದರೆ ಆ ಸಾಲು ಇದ್ದರೆ ಬಿಲ್ ಕಳಿಸಲು ನಾಚಿಕೆ ಆಗುವುದಿಲ್ಲ, ಆ ಕಡೆಯವರಿಗೂ ಬಳಸುವ ಮುಂಚೆ ಎರಡು ಸಲ ಯೋಚನೆ ಬರುತ್ತದೆ. ಬಳಸಿಯೇಬಿಟ್ಟರೆ ಫೇಸ್‌ಬುಕ್, ಇನ್‌ಸ್ಟಾಗ್ರಾಂ, ಗೂಗಲ್ ಎಲ್ಲದರಲ್ಲೂ ಕಾಪಿರೈಟ್ ದೂರಿನ ಫಾರಂ ಇದೆ. ಕಳಿಸಿದ ಮೆಸೇಜಿನ ತಾರೀಕು ಇದ್ದರೆ ಅದೇ ಸಾಕ್ಷಿ. ಅದಕ್ಕೇ ಸ್ಯಾಂಪಲನ್ನು ಫೋನಲ್ಲಿ ಓದಿ ಹೇಳಬೇಡಿ, ಇಮೇಲ್‌ನಲ್ಲಿ ಕಳಿಸಿ.

ಕೆಲಸ ಸಿಕ್ಕಿದ ಮೇಲೆ ದುಡ್ಡು ಬಾರದಿದ್ದರೆ ದಾರಿ ಬೇರೆ, ಅದು ಸ್ವಲ್ಪ ಚೆನ್ನಾಗಿದೆ. ಕೇಂದ್ರ ಸರ್ಕಾರದ ಉದ್ಯಮ್ ಪೋರ್ಟಲ್‌ನಲ್ಲಿ ಫ್ರೀಲಾನ್ಸರ್‌ಗಳು, ಅಂದರೆ ನೌಕರಿ ಇಲ್ಲದೆ ಸ್ವತಂತ್ರವಾಗಿ ಕೆಲಸ ಮಾಡುವವರು, ಸೇವೆ ಕೊಡುವ ಕಿರು ಉದ್ಯಮ ಅಂತ ನೋಂದಾಯಿಸಿಕೊಳ್ಳಬಹುದು, ಆಧಾರ್, ಪಾನ್ ಸಾಕು, ಶುಲ್ಕ ಇಲ್ಲ. 2006ರ ಕಿರು, ಸಣ್ಣ, ಮಧ್ಯಮ ಉದ್ಯಮಗಳ (ಎಂಎಸ್‌ಎಂಇ) ಕಾಯ್ದೆ ಪ್ರಕಾರ ಗಿರಾಕಿ ಹೆಚ್ಚೆಂದರೆ 45 ದಿನದೊಳಗೆ ದುಡ್ಡು ಕೊಡಬೇಕು, ತಡ ಮಾಡಿದರೆ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ಆದರೆ ಬಿಟ್ಟಿ ಸ್ಯಾಂಪಲ್‌ಗೆ ಬಿಲ್ಲೇ ಇಲ್ಲವಲ್ಲ, ಹಾಗಾಗಿ ಇದು ಅಲ್ಲಿ ಉಪಯೋಗಕ್ಕೆ ಬರುವುದಿಲ್ಲ. 2025ರಲ್ಲಿ ಕರ್ನಾಟಕ ತಂದ ಗಿಗ್ ಕಾರ್ಮಿಕರ ಕಾಯ್ದೆ ಆಪ್, ಪ್ಲಾಟ್‌ಫಾರ್ಮ್ ಮೂಲಕ ಕೆಲಸ ಮಾಡುವವರಿಗೆ. ಹಂಪನಕಟ್ಟೆಯ ಅಂಗಡಿಯವರು ನೇರವಾಗಿ ನಿಮಗೆ ಫೋನ್ ಮಾಡಿ ಬರೆಸಿದರೆ ಅದು ಆ ಕಾಯ್ದೆಯ ಒಳಗೆ ಬರುವುದಿಲ್ಲ. ಹೊರದೇಶದಲ್ಲೂ ಪರಿಸ್ಥಿತಿ ಬಹಳ ಬೇರೆ ಇಲ್ಲ. ನ್ಯೂಯಾರ್ಕ್ ನಗರ 2017ರಿಂದ ಫ್ರೀಲಾನ್ಸರ್‌ಗಳಿಗೆಂದೇ ಕಾಯ್ದೆ ಜಾರಿ ಮಾಡಿತು, 800 ಡಾಲರ್ ಮತ್ತು ಅದಕ್ಕಿಂತ ಜಾಸ್ತಿ ಕೆಲಸಕ್ಕೆ ಲಿಖಿತ ಕರಾರು ಕಡ್ಡಾಯ ಅಂದಿತು, 2024ರಲ್ಲಿ ನ್ಯೂಯಾರ್ಕ್ ರಾಜ್ಯ ಅಂಥದ್ದೇ ಕಾಯ್ದೆಯನ್ನು ಇಡೀ ರಾಜ್ಯಕ್ಕೆ ತಂದಿತು. ಅಲ್ಲೂ ಅದು ಕೆಲಸ ಶುರುವಾದ ಮೇಲಿನ ಮಾತು. ಕೆಲಸ ಕೊಡುವ ಮುಂಚೆ ಕೇಳುವ ಸ್ಯಾಂಪಲ್ ಅದರ ಕೈಗೆ ಸುಲಭವಾಗಿ ಸಿಗುವುದಿಲ್ಲ.

ನೇರವಾಗಿ ಬೇಡ ಅಂದಿರುವುದು ಫ್ರೀಲಾನ್ಸರ್‌ಗಳಿಗೆ ಗಿರಾಕಿ ಹುಡುಕಿಕೊಡುವ ಅಪ್‌ವರ್ಕ್‌ನಂಥ ವೆಬ್‌ಸೈಟ್. ಬಿಟ್ಟಿ ಕೆಲಸ ಕೇಳುವುದು ಅದರ ನಿಯಮಕ್ಕೆ ವಿರುದ್ಧ, ಕೇಳಿದ ಗಿರಾಕಿಯ ಮೇಲೆ ದೂರು ಕೊಡಬಹುದು. ಬರೆಯುವವರ ಮೇಲಿನ ಪ್ರೀತಿಯಿಂದ ಅಂತ ನಾನು ಹೇಳುವುದಿಲ್ಲ. ವ್ಯವಹಾರದ ಮೇಲೆ ಕಮಿಷನ್ ಪಡೆಯುವವರಿಗೆ ಬಿಟ್ಟಿ ಕೆಲಸದಿಂದ ಏನು ಸಿಗುತ್ತದೆ? ಏನೂ ಇಲ್ಲ. ಅಲ್ಲಿ ನಷ್ಟ ಆಗುವುದು ಬಲವಿರುವವನಿಗೆ, ಅದಕ್ಕೇ ನಿಯಮ ಇದೆ.

ಹಾಗಾದರೆ ಗಿರಾಕಿ ನಂಬುವುದು ಹೇಗೆ

ಗಿರಾಕಿಯ ಭಯವೂ ಸುಳ್ಳಲ್ಲ. ಉಡುಪಿಯ ಒಬ್ಬ ಸಣ್ಣ ಹೋಟೆಲ್ ಮಾಲೀಕರು ಯಾರಿಗೋ ಅಡ್ವಾನ್ಸ್ ಕೊಟ್ಟು, ಆ ಮನುಷ್ಯ ಫೋನೇ ಎತ್ತದೆ ಹೋದ ಕತೆ ಹೇಳಿದ್ದರು. ಪೋರ್ಟ್‌ಫೋಲಿಯೋದಲ್ಲಿ, ಅಂದರೆ ತೋರಿಸಲು ಇಟ್ಟ ಹಳೆಯ ಕೆಲಸಗಳಲ್ಲಿ, ಇರುವುದನ್ನು ಇವರೇ ಬರೆದದ್ದಾ, ಎಡಿಟರ್ ತಿದ್ದಿ ತಿದ್ದಿ ಚಂದ ಮಾಡಿದ್ದಾ, ಅದೂ ಗೊತ್ತಾಗುವುದಿಲ್ಲ. ಅಂಥವರಿಗೆ "ಬಿಟ್ಟಿ ಕೇಳಬೇಡಿ" ಅಂತ ಬರೀ ಬೈದರೆ ಉಪಯೋಗ ಇಲ್ಲ. ಬೇರೆ ದಾರಿ ತೋರಿಸಬೇಕು.

ನನಗೆ ಒಳ್ಳೆಯದು ಅನ್ನಿಸಿದ್ದು ದುಡ್ಡು ಕೊಟ್ಟು ಮಾಡಿಸುವ ಸಣ್ಣ ಟ್ರಯಲ್. ಐದು ಲೇಖನ ಬೇಕಾದವರು ಮೊದಲು ಒಂದನ್ನು ಮಾತ್ರ ಬರೆಸಲಿ, ಪೂರ್ತಿ ರೇಟಿಗೆ. ಇಷ್ಟವಾಗದಿದ್ದರೆ ಅಲ್ಲಿಗೇ ನಿಲ್ಲಿಸಲಿ, ಯಾರಿಗೂ ಬೇಜಾರಿಲ್ಲ. ಪೂರ್ತಿ ಕೊಡಲು ಮನಸ್ಸಿಲ್ಲದವರಿಗೆ ನಾನು ಅರ್ಧ ರೇಟಿನ ಟ್ರಯಲ್ ಒಪ್ಪುತ್ತೇನೆ, ಒಂದು ಷರತ್ತಿನ ಮೇಲೆ: ಬಳಸುವುದಾದರೆ ಉಳಿದರ್ಧ ಕೊಡಬೇಕು. ಇದರಲ್ಲಿ ದುಡ್ಡಿಗಿಂತ ಬೇರೆ ಒಂದು ಲಾಭ ಇದೆ. 400 ರೂಪಾಯಿ ಆದರೂ ಕೊಡಬೇಕು ಅಂದಾಗ ಗಿರಾಕಿ ಐದು ಜನಕ್ಕೆ ಮೆಸೇಜ್ ಮಾಡುವುದಿಲ್ಲ, ಇಬ್ಬರಿಗೆ ಮಾಡುತ್ತಾನೆ. ಮಾಡುವ ಮುಂಚೆ ಪೋರ್ಟ್‌ಫೋಲಿಯೋ ಓದುತ್ತಾನೆ. ಚೇರ್ಮನ್ ಸರ್‌ಗೆ ಏನು ಬೇಕು ಅಂತ ಮೊದಲೇ ಕೇಳಿಕೊಂಡು ಬರುತ್ತಾನೆ. ಬ್ರೀಫ್, ಅಂದರೆ ಏನು ಬರೆಯಬೇಕು ಅನ್ನುವ ಸೂಚನೆ, ತಾನಾಗಿ ಸರಿಯಾಗುತ್ತದೆ.

ಹೊಸಬರಿಗೆ ಇದು ಸುಲಭ ಅಲ್ಲ, ಗೊತ್ತು. ತೋರಿಸಲು ಏನೂ ಇಲ್ಲದವರು ಟ್ರಯಲ್‌ಗೆ ದುಡ್ಡು ಕೇಳಿದರೆ ಗಿರಾಕಿ ನಕ್ಕು ಬಿಡುತ್ತಾನೆ. ಅವರು ಬಿಟ್ಟಿ ಬರೆಯಲೇಬೇಕಿದ್ದರೆ ಗಿರಾಕಿಗಾಗಿ ಬರೆಯುವ ಬದಲು ತಮಗಾಗಿ ಬರೆಯುವುದು ವಾಸಿ. ನಿಮ್ಮ ಊರಿನ ಒಂದು ಹೋಂಸ್ಟೇ, ಒಂದು ಐಸ್‌ಕ್ರೀಂ ಅಂಗಡಿ, ಒಂದು ಕಂಬಳದ ಗದ್ದೆ, ಯಾವುದರ ಬಗ್ಗೆಯಾದರೂ ಮೂರು ಒಳ್ಳೆಯ ತುಣುಕು ಬರೆದು ನಿಮ್ಮದೇ ಹೆಸರಲ್ಲಿ ಹಾಕಿ. ಅದೇ ಮೂರನ್ನು ಮೂವತ್ತು ಗಿರಾಕಿಗಳಿಗೆ ತೋರಿಸಬಹುದು. ಗಿರಾಕಿಯ ಕಾಲೇಜಿನ ಬಗ್ಗೆ ಬರೆದ ಸ್ಯಾಂಪಲನ್ನು ಇನ್ನೊಂದು ಕಾಲೇಜಿಗೆ ತೋರಿಸಲು ಆಗುತ್ತದಾ? ಆಗುವುದಿಲ್ಲ, ಪ್ರತಿಸ್ಪರ್ಧಿಯ ಹೆಸರು ನೋಡಿದ ಕೂಡಲೇ ಮುಖ ಗಂಟಾಗುತ್ತದೆ. ಸ್ಯಾಂಪಲ್ ಕೊಡಲೇಬೇಕಾಗಿ ಬಂದರೆ ಅವರ ಈಗಿನ ಬ್ರೋಷರ್‌ನ ಒಂದು ಪ್ಯಾರಾ ತೆಗೆದು ತಿದ್ದಿ ತೋರಿಸಿ. ಅರ್ಧ ಗಂಟೆ ಕೆಲಸ, ಅವರಿಗೆ ವ್ಯತ್ಯಾಸ ಎದ್ದು ಕಾಣುತ್ತದೆ, ಪೂರ್ತಿ ಬ್ರೋಷರ್ ಕೈಬಿಟ್ಟೂ ಹೋಗುವುದಿಲ್ಲ.

ರೇಟ್ ಏರಿಸಿ ನಷ್ಟ ತುಂಬಿಕೊಳ್ಳುವ ದಾರಿಯೂ ಇದೆ, ಹಳಬರಲ್ಲಿ ಕೆಲವರು ಹಾಗೇ ಮಾಡುತ್ತಾರೆ. ಮೂರು ಬಿಟ್ಟಿ ಸ್ಯಾಂಪಲ್‌ನ ಖರ್ಚನ್ನು ನಾಲ್ಕನೆಯವರ ಬಿಲ್ಲಿಗೆ ಸೇರಿಸುವುದು. ನನಗೆ ಇದು ಸರಿ ಕಾಣುವುದಿಲ್ಲ. ಆ ನಾಲ್ಕನೆಯವರು ಸ್ಯಾಂಪಲ್ ಕೇಳದೆ, ಹಳೆಯ ಕೆಲಸ ನೋಡಿಯೇ ನಂಬಿ ಅಡ್ವಾನ್ಸ್ ಕೊಟ್ಟವರೂ ಆಗಿರಬಹುದು, ಉಳಿದ ಮೂವರ ಗೊಂದಲದ ಖರ್ಚನ್ನು ಅವರು ಯಾಕೆ ಕೊಡಬೇಕು?

ಟ್ರಯಲ್‌ಗೆ ದುಡ್ಡು ಅಂದ ಕೂಡಲೇ ಕೆಲವರ ಮೆಸೇಜ್ ನಿಂತುಹೋಗುತ್ತದೆ. ನೀಲಿ ಟಿಕ್ ಎರಡು ಬೀಳುತ್ತವೆ, ಉತ್ತರ ಇಲ್ಲ. ಇದು ಕೂಡ ಮಾಹಿತಿಯೇ, ಅಗ್ಗಕ್ಕೆ ಸಿಕ್ಕಿದ್ದು. ಟ್ರಯಲ್‌ನ 400 ಕೊಡಲು ಹಿಂದೆ ಮುಂದೆ ನೋಡುವವರು ತಿಂಗಳ ಕೊನೆಯ 8,000ದ ಬಿಲ್ಲನ್ನು ಸಲೀಸಾಗಿ ಕೊಡುತ್ತಾರೆ ಅಂತ ನಂಬಲು ನನಗೆ ಕಾರಣ ಕಾಣುವುದಿಲ್ಲ. ಕೆಲವರು ಮಾತ್ರ "ಆಯ್ತು, ಬಿಲ್‌ನಲ್ಲಿ ಅಡ್ಜಸ್ಟ್ ಮಾಡ್ತೀರಾ?" ಅಂತ ಕೇಳುತ್ತಾರೆ. ಮಾಡುತ್ತೇನೆ ಅನ್ನುತ್ತೇನೆ, ಮಾಡಿಯೂ ಕೊಡುತ್ತೇನೆ. ಮುಂದಿನ ವರ್ಷ ಅಡ್ಮಿಷನ್ ಸೀಸನ್‌ಗೆ ಸ್ಯಾಂಪಲ್ ಕೇಳದೆ ಫೋನ್ ಮಾಡುವವರು ಹೆಚ್ಚಾಗಿ ಇವರೇ.